ಹಳೇ ಮ್ಯಾಚಿನ ಅಭಿಮಾನಿ

ಇಂಗ್ಲೆಂಡಿಗೆ ಬಂದು ಎಷ್ಟೋ ವರ್ಷವಾದರೂ ವಾಮನಮೂರ್ತಿ ಅಲ್ಲಿ ವರ್ಷವರ್ಷ ದುಡ್ಡು ಕಟ್ಟಿ ಪಡೆಯಬೇಕಾದ ಟಿವಿ ಲೈಸೆನ್ಸ್ ಮಾಡಿಸಿದವನಲ್ಲ. ಮಾಡಿಸಿದವರೆಲ್ಲ ಅವನ ಲೆಕ್ಕದಲ್ಲಿ ದಡ್ಡರು. ತಪಾಸಣೆಗೆ ಬಂದ ಹೆಂಗಸನ್ನು ಹೊಸ್ತಿಲಲ್ಲೇ ನಿಲ್ಲಿಸಿದ. ಇಂಥವರಿಗೆ ಕೂತ್ಕೊಳ್ಳಿ ಅನ್ನುವುದೂ ದಂಡ.

"ಪ್ರಸಾರ ಆಗ್ತಿರುವಾಗಲೇ ನೋಡೋದಾದ್ರೆ ಲೈಸೆನ್ಸ್ ಬೇಕು ಸರ್. ಟಿವಿಯಲ್ಲಾದರೂ ಸರಿ, ಫೋನಿನಲ್ಲಾದರೂ ಸರಿ."

"ನನಗೇ ಕಾನೂನು ಹೇಳಿಕೊಡ್ತೀರಾ? ಲೈವ್ ನೋಡ್ತಾ ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ? ಎಲ್ಲ ಮುಗಿದು ವಾರ ಕಳೆದ ಮೇಲೆ ಇಂಟರ್ನೆಟ್ಟಿನಲ್ಲಿ ಹಳೇ ಮ್ಯಾಚು ನೋಡ್ತೀನಿ. ಅದಕ್ಕೆ ಲೈಸೆನ್ಸ್ ಬೇಡ. ಅಷ್ಟಾದರೂ ಓದಿಕೊಂಡು ಬಂದಿದ್ದೀರೋ ಇಲ್ವೋ?"

"ಹಾಗಾದರೆ ತೊಂದರೆಯೇ ಇಲ್ಲ ಸರ್." ಆಕೆ ಚೀಲವನ್ನು ಹೆಗಲಿಗೇರಿಸಿದಳು. ಬಾಯಿ ಮುಚ್ಚಿಸಿದೆನೆಂದು ಅವನು ಮೀಸೆಯಡಿಯಲ್ಲೇ ನಕ್ಕ.

ಗೇಟಿನ ಹತ್ತಿರ ಆಕೆ ತಿರುಗಿದಳು.

"ಪಾಪ, ನಿಮ್ಮ ಇಂಡಿಯಾ ಇವತ್ತೂ ಸೋತುಹೋಯಿತಲ್ಲ ಸರ್."

ಅವನಿಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಟು ಯಾವುದು, ಸೌಟು ಯಾವುದು ಅಂತ ತಿಳಿಯದ ಹೆಂಗಸು ಕ್ರಿಕೆಟ್ ಮಾತಾಡುತ್ತಾಳೆ!

"ಸೋಲೋದು ಎಲ್ಲಿಂದ ಬಂತಮ್ಮ? ಇನ್ನೂ ಮೂರು ಓವರಿದೆ, ಐದು ವಿಕೆಟ್ ಕೈಯಲ್ಲಿದೆ, ನೀನು ಬೆಲ್ ಒತ್ತಿದಾಗ ತಾನೇ ಸಿಕ್ಸರ್ ಹೊಡೆದರು!"