ಎದುರಂಗಡಿಯ ಶೂ

ಹೆಂಡತಿಯ ಹೊಲಿಗೆ ಯಂತ್ರದ ಹಿಂದೆ ಕೈ ಹಾಕಿದವನಿಗೆ ಸಿಕ್ಕಿದ್ದು ಬಿದ್ದುಹೋದ ಕತ್ತರಿಯಲ್ಲ, ಶೂ. ಒಂದಲ್ಲ, ಒಂದು ಜೊತೆ. ಹಳೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ನೋಡಿದ. ಪಕ್ಕದಲ್ಲಿ ಮೂರು ಪಟ್ಟೆ.

ಎದೆಯೊಳಗೆ ಯಾರೋ ಲೇಸು ಎಳೆದು ಬಿಗಿದಂತಾಯಿತು.

ಅವನು ನೈಕಿ ಅಂಗಡಿಯ ಸೇಲ್ಸ್‌ಮನ್. ಹನ್ನೊಂದು ವರ್ಷದಿಂದ ಗಿರಾಕಿಗಳ ಮುಂದೆ ಮಂಡಿಯೂರಿ ಪಾದ ಅಳೆದವನು. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದಂತೆ, ಇವನ ಪ್ರಾಣ ನೈಕಿ ಶೂ ಮೇಲಿನ ಆ ಬಾಗಿದ ಗೆರೆಯಲ್ಲಿತ್ತು. ಭಾವಮೈದ ಒಮ್ಮೆ ಜಿಗಿಯುವ ಬೆಕ್ಕಿನ ಚಿತ್ರದ ಪೂಮಾ ಟೀ ಶರ್ಟ್ ತೊಟ್ಟು ಬಂದಾಗ, "ಬೆಕ್ಕು ಒಳಗೆ ಬಂತು, ಹಾಲು ಮುಚ್ಚಿಡಿ" ಎಂದಿದ್ದ. ಹೆಂಡತಿಗೆಂದು ಆರಿಸಿ ಆರಿಸಿ ತಂದ ಎರಡು ಜೊತೆ ನೈಕಿ ಮಾತ್ರ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. "ಓಡೋಕೆ ನನಗೆಲ್ಲಿದೆ ಪುರುಸೊತ್ತು?" ಅಂದಿದ್ದಳು.

ಈಗ ನೋಡಿದರೆ ಅಡಿಡಾಸ್!

ಅಡಿಡಾಸ್ ಮಳಿಗೆ ಇವನ ಅಂಗಡಿಯ ಎದುರಿಗೇ ಇತ್ತು. ಅಲ್ಲಿನ ಮ್ಯಾನೇಜರ್‌ಗೆ ಇವನು ಇಟ್ಟ ಹೆಸರು 'ಮೂರು ಪಟ್ಟೆ'. ಒಂಟಿ ಮನುಷ್ಯ. ಕೂದಲು ನರೆತಿದ್ದರೂ ಸೊಂಟ ಮಾತ್ರ ಹುಡುಗರದು. ದಿನಾ ಬೆಳಿಗ್ಗೆ ಕ್ರೀಡಾಂಗಣದಲ್ಲಿ ಹತ್ತು ಸುತ್ತು ಓಡಿಯೇ ಅಂಗಡಿ ತೆರೆಯುತ್ತಿದ್ದ. ಅಸಿಕ್ಸ್ ಕೊಳ್ಳಲು ಹೊರಟ ಹೆಂಗಸರೂ ಅವನ ಒಂದು ನಗೆಗೆ ದಾರಿ ಬದಲಿಸುತ್ತಿದ್ದರು. ಗಾಜಿನ ಬಾಗಿಲ ಈಚೆ ನಿಂತು ಇವನು ಕೈತಪ್ಪಿದ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದ.

ಶೂ ಮಗುಚಿದ. ಅಟ್ಟೆ ಓದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಲಗಾಲಿನ ಅಟ್ಟೆ ಒಳ ಅಂಚಿನಲ್ಲಿ ಸವೆದಿತ್ತು. ಹೆಂಡತಿಯ ಚಪ್ಪಲಿ ಸವೆಯುವುದು ಹೊರ ಅಂಚಿನಲ್ಲಿ. ಅಳತೆ ಆರು. ಅವಳದು ಐದು.

ಒಂದು ಕ್ಷಣ ಉಸಿರು ಹಗುರಾಯಿತು. ಮರುಕ್ಷಣವೇ, ದಿನಕ್ಕೆ ಹತ್ತು ಸಲ ತಾನೇ ಹೇಳುವ ಮಾತು ನೆನಪಾಯಿತು: "ಓಡಿದಾಗ ಪಾದ ಊದಿಕೊಳ್ಳುತ್ತೆ ಮೇಡಂ, ಒಂದು ಸೈಜ್ ದೊಡ್ಡದೇ ತಗೊಳ್ಳಿ." ಇನ್ನು ಸವೆತ? ಎಡಗಡೆ ಓಡುವವನತ್ತ ಮೈ ವಾಲಿದರೆ ಬಲಗಾಲಿನ ಒಳ ಅಂಚೇ ತಾನೇ ಸವೆಯುವುದು? ಶೂ ಮಾರದವನಿಗೆ ಇಷ್ಟೆಲ್ಲ ಹೊಳೆಯುತ್ತಿರಲಿಲ್ಲ. ಅವನಿಗೆ ಹೊಳೆಯಿತು.

ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ಅವಳ ಮುಂದೆ ಶೂ ಹಿಡಿದ.

"ಯಾರದಿದು?"

ಅವಳ ಕೈ ನಿಂತಿತು. ಮುಖ ಬಿಳಿಚಿಕೊಂಡಿತು. "ನಂದೇ."

"ಓಡೋಕೆ ಪುರುಸೊತ್ತಿಲ್ಲ ಅಂದಿದ್ದೆ?"

"ಆಸೆ ಹೇಳಿ ಕೇಳಿ ಬರುತ್ತೇನ್ರೀ? ಇಷ್ಟು ವಯಸ್ಸಾದ ಮೇಲೆ ಬರಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?"

"ಕೊಟ್ಟಿದ್ದು ಆ ಎದುರಂಗಡಿಯವನಾ?"

ಇದಕ್ಕೆ ಅವಳು ಸುಳ್ಳಾಡಲಿಲ್ಲ. "ಹೂಂ. ನಿಮ್ಮೆದುರು ಹೇಳೋ ಧೈರ್ಯ ಈ ಮನೇಲಿ ಯಾರಿಗಿದೆ? ಇನ್ನು ಸ್ವಲ್ಪ ದಿನ ತಡೀರಿ. ಎಲ್ಲಾ ಗೊತ್ತಾಗುತ್ತೆ."

ಸ್ವಲ್ಪ ದಿನ! ಅಂದರೆ ತೀರ್ಮಾನ ಆಗಿಹೋಗಿದೆ. ಒಂಬತ್ತು ವರ್ಷದ ಸಂಸಾರ ಒಂದು ಜೊತೆ ಶೂ ಹಾಕಿಕೊಂಡು ಹೊರಟು ನಿಂತಿದೆ. ಅವನು ಕೂಗಾಡಲಿಲ್ಲ. ಕಣ್ಣಾರೆ ನೋಡಬೇಕಿತ್ತು. ಶೂಗಳನ್ನು ಇದ್ದಲ್ಲೇ ಇಟ್ಟ.

ಅಡುಗೆಮನೆಯಲ್ಲಿ ತಾಯಿ ಬಟಾಣಿ ಸುಲಿಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವರು ಇವರ ಜೊತೆಗೇ ಇದ್ದರು.

"ಅಮ್ಮ, ನಿನ್ನ ಸೊಸೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾಳೆ?"

"ಅವಳೆಲ್ಲಿಗೆ ಹೋಗ್ತಾಳೋ? ಹಿಂದಿನ ರೂಮಲ್ಲಿ ಕೂತು ಹೊಲೀತಿರ್ತಾಳೆ. ಏಳು ಗಂಟೆವರೆಗೆ ಗೊರಕೆ ಹೊಡೆಯೋನಿಗೆ ಈ ಪತ್ತೇದಾರಿಕೆ ಯಾಕೆ?"

"ಗೊರಕೆ ಮಧ್ಯೆನೂ ಬಾಗಿಲು ತೆಗೆಯೋ ಸದ್ದು ಕೇಳಿಸುತ್ತಮ್ಮ. ಐದೂವರೆಗೆ."

ಒಂದು ಬಟಾಣಿ ಜಾರಿ ನೆಲದ ಮೇಲೆ ಉರುಳಿತು. "ಗಾಳಿ ಇರಬೇಕು," ಎಂದರು ತಾಯಿ, ಅದನ್ನು ಹುಡುಕಲು ಬಗ್ಗುತ್ತ.

ಪಾಪ, ಸೊಸೆಯ ಮಾನ ಕಾಯುತ್ತಿದ್ದಾರೆ ಎಂದುಕೊಂಡ.

ಮರುದಿನ ಐದಕ್ಕೇ, ಯಾರಿಗೂ ಹೇಳದೆ ಹೊರಬಿದ್ದ. ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕಂಬಕ್ಕೊರಗಿ ಕೂತ. ಮಂಜು ಮೈದಾನದ ಮೇಲೆ ಹಾಸಿಗೆ ಬಿಚ್ಚಿ ಮಲಗಿತ್ತು. ಮೂರು ಪಟ್ಟೆ ಬಂದ, ಕೈಕಾಲು ಕೊಡವಿದ, ಗೇಟಿನತ್ತಲೇ ನೋಡುತ್ತ ನಿಂತ. ಮುಖದಲ್ಲಿ ಅದೇ ಹಾಳು ನಗೆ.

ಗೇಟಿನಿಂದ ಕೆಂಪು ಸ್ವೆಟರ್ ಒಳಬಂತು. ಹೋದ ಚಳಿಗಾಲ ಹೆಂಡತಿಗೆ ತಾನೇ ಕೊಡಿಸಿದ್ದು. ಅದರ ಟೋಪಿಯನ್ನು ಹಣೆ ಮುಚ್ಚುವಷ್ಟು ಎಳೆದುಕೊಂಡಿತ್ತು ಆ ಹೆಣ್ಣು. ಇಬ್ಬರೂ ಅಕ್ಕಪಕ್ಕ ಓಡತೊಡಗಿದರು. ಅವನು ಎಡಕ್ಕೆ, ಅವಳು ಬಲಕ್ಕೆ. ಅವಳು ಅವನತ್ತ ವಾಲಿದ್ದಳು. ಹೊಸದಾಗಿ ನಡೆಯಲು ಕಲಿತ ಮಗುವಿನಂತೆ ತೊಡರುತ್ತ, ನಗುತ್ತ. ಎರಡನೇ ಸುತ್ತಿಗೆ ಕೈ ಕೈ ಹಿಡಿದಾಗಿತ್ತು.

ಇವನು ಮೆಟ್ಟಿಲಿಳಿದದ್ದು ಇವನಿಗೇ ತಿಳಿಯಲಿಲ್ಲ. ಓಡಿ ಹೋಗಿ ಅಡ್ಡ ನಿಂತ.

"ಬಿಡೋ ಕೈ! ಗಿರಾಕಿಗಳು ಸಾಲದು ಅಂತ ಹೆಂಡತಿನೂ ಬೇಕಾಯ್ತಾ ನಿನಗೆ?"

ಮೂರು ಪಟ್ಟೆಗೆ ಬೆವರಿಳಿಯಿತು. "ಕೋಪ ಮಾಡ್ಕೋಬೇಡಪ್ಪ. ನಾನೇ ಭಾನುವಾರ ಮನೆಗೆ ಬಂದು ನಿನ್ನ ಒಪ್ಪಿಗೆ ಕೇಳಬೇಕು ಅಂತಿದ್ದೆ."

"ಒಪ್ಪಿಗೆನಾ? ನನ್ನ ಹೆಂಡತಿನ ನನ್ನ ಹತ್ರಾನೇ ಕೇಳ್ತೀಯಾ?"

ಕೆಂಪು ಟೋಪಿ ಹಿಂದಕ್ಕೆ ಸರಿಯಿತು.

"ನಿನ್ನ ಹೆಂಡತಿ ಮನೇಲಿದಾಳೆ ಕಣೋ," ಎಂದರು ಅವನ ತಾಯಿ, ಏದುಸಿರಿನಲ್ಲೂ ಹಿಡಿದ ಕೈ ಬಿಡದೆ.