ಗುಡಿ ಸುತ್ತುವ ಏಳನೇ ಆಟಗಾರ

"ಮತ್ತೆ ಸುತ್ತುತ್ತಾ ಇದ್ದಾನೆ ನೋಡೋ, ಕಳ್ಳ!"

ಚೈತನ್ಯ ಕೂಗಿದ ರಭಸಕ್ಕೆ ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತಿದ್ದ ಗೂಡ್ಸ್ ರೈಲು ಸಿಗ್ನಲ್ಲಿಗೂ ಕಾಯದೆ ಹೊರಟಿತು.

ಲ್ಯಾಪ್‌ಟಾಪಿನಲ್ಲಿದ್ದದ್ದು ಅವನೇ ಮಾಡಿದ ಮೊಬೈಲ್ ಆಟ. ಹೊಯ್ಸಳರು ತಲೆಮಾರುಗಟ್ಟಲೆ ಕೆತ್ತಿದ ಗುಡಿಯನ್ನು ಇವನು ಒಂದೇ ಮಳೆಗಾಲದಲ್ಲಿ ಕಟ್ಟಿ ಮುಗಿಸಿದ್ದ. ವೀರನೊಬ್ಬ ಗುಡಿಯೊಳಗೆ ನುಗ್ಗಿ ಕಳುವಾದ ಕಿರೀಟ ತರಬೇಕು. ಪರೀಕ್ಷೆಗೆಂದು ಆಡಲು ಕೊಟ್ಟವರೆಲ್ಲ ನುಗ್ಗಿದರು, ಏಳನೇ ಆಟಗಾರನೊಬ್ಬನನ್ನು ಬಿಟ್ಟು. ಅವನು ವೀರನ ಕತ್ತಿ, ಚಪ್ಪಲಿ ಎರಡನ್ನೂ ಕಳಚಿಟ್ಟು ಗುಡಿಯ ಹೊರಗೇ ಸುತ್ತುತ್ತಿದ್ದ. ಅದೂ ಒಂದೇ ದಿಕ್ಕಿಗೆ. ಬೆನ್ನ ಹಿಂದೆ ಬಂಗಾರ ಸುರಿದರೂ ತಿರುಗಲಿಲ್ಲ.

ಬೆಂಗಳೂರಿನ ಕಂಪನಿ ಕಡ್ಡಿ ಮುರಿದಂತೆ ಹೇಳಿತ್ತು: ಆಡಿದವರೆಲ್ಲ ಬಾಗಿಲು ದಾಟಿದರೆ ಆಟ ಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ. ನಾಳೆಯೇ ಕೊನೆ.

"ಒಂದು ಮಾತು ಕೇಳಿಬಿಡೋಣ ಕಣೋ," ಎಂದ ಜೊತೆಗಾರ ಶಶಿ. ಆಡುವವರನ್ನು ಹುಡುಕಿ ತಂದವನು ಅವನೇ.

"ಆಡುವವರ ಜೊತೆ ಮಾತಾಡಿದರೆ ಪರೀಕ್ಷೆ ಕೆಟ್ಟಂತೆ. ಹೆಸರೂ ಹೇಳಬೇಡ."

ಮಾತಿನ ಬದಲು ಚೈತನ್ಯ ಆಟವನ್ನೇ ತಿದ್ದಿದ. ಬಾಗಿಲನ್ನು ಆನೆಗಳ ಹಿಂಡು ನುಗ್ಗುವಷ್ಟು ಅಗಲಿಸಿದ. ಏಳನೆಯವನು ಸುತ್ತಿದ. ಬಾಣದ ಗುರುತು ಹಾಕಿದ. ಸುತ್ತಿದ. ಹಿಂದೆ ಹುಲಿ ಬಿಟ್ಟ. ಪಾಪ, ಹುಲಿಗೇ ಏದುಸಿರು ಬಂತು. ತಿದ್ದಿದಷ್ಟೂ ಅವನ ಹುರುಪು ಹೆಚ್ಚಿತು.

"ಇದು ಸುನಿಲನದೇ ಕೆಲಸ," ಎಂದು ಚೈತನ್ಯ ಹಲ್ಲು ಕಡಿದ. ಜಗಳವಾಡಿ ಬೇರೆ ಆಟ ಕಟ್ಟಲು ಹೋದ ಹಳೆಯ ಪಾಲುದಾರ ಸುನಿಲ. "ನನ್ನನ್ನು ಮುಳುಗಿಸೋಕೆ ಸುತ್ತುತ್ತಾ ಇದ್ದಾನೆ. ನಡಿ, ಎಲ್ಲಿದ್ದಾನೆ ತೋರಿಸು!"

"ಈಗ ಹೆಸರು ಹೇಳಬಹುದಾ?"

"ಹೆಸರು ಯಾಕೋ, ಮುಖ ತೋರಿಸು!"

ಶಶಿ ನಗು ನುಂಗಿ ಬೈಕ್ ಹತ್ತಿದ. ಹಳೇಬೀಡು ದಾಟಿ, ಬಸ್ತಿಹಳ್ಳಿಯ ಒಂದು ಮನೆಯ ಮುಂದೆ ನಿಲ್ಲಿಸಿದ.

"ಇದು ನಮ್ಮಣ್ಣನ ಮನೆ ಕಣೋ. ಕಾಫಿ ಕುಡಿಯೋ ಹೊತ್ತೇನೋ ಇದು?"

"ಇಳಿಯಪ್ಪಾ."

ಒಳಗೆ ಅತ್ತಿಗೆ ಆಶಾರಾಣಿ ಮಂಚದ ಮೇಲಿದ್ದರು. ಕಾಲಿಗೆ ಹಾಕಿದ್ದ ಪ್ಲಾಸ್ಟರ್ ಬೇಲೂರಿನ ಕಂಬಕ್ಕಿಂತ ದಪ್ಪ. ಕೈಯಲ್ಲಿ ಫೋನು. ಫೋನಿನಲ್ಲಿ ಗುಡಿ. ಗುಡಿಯ ಸುತ್ತ ಬರಿಗಾಲಿನ ವೀರ.

"ಅಂತೂ ಮೈದುನನಿಗೆ ನಮ್ಮ ಮನೆ ದಾರಿ ನೆನಪಾಯ್ತಪ್ಪಾ!"

"ಅತ್ತಿಗೆ... ನೀವಾ? ಯಾಕೆ ಸುತ್ತುತ್ತಾ ಇದ್ದೀರಿ? ಒಳಗೆ ಹೋಗಬಾರದಾ?"

"ಪ್ರದಕ್ಷಿಣೆ ಮುಗಿಸದೆ ಒಳಗೆ ಹೋಗ್ತಾರೇನೋ? ಮಾಲೇಕಲ್ಲಿನ ಬೆಟ್ಟದ ಗುಡಿಗೆ ನೂರೆಂಟು ಸುತ್ತು ಹಾಕ್ತೀನಿ ಅಂತ ಹರಕೆ ಹೊತ್ತಿದ್ದೆ, ಕಾಲು ಮುರೀತು. ಸದ್ಯ, ನಿನ್ನ ಗುಡಿ ಸಿಕ್ತು. ಆದರೆ ನೀನು ಅದೇನೋ ತಿದ್ದಿದಾಗಲೆಲ್ಲ ಆಟ ನಡುವೆ ನಿಂತುಹೋಗುತ್ತೆ. ತುಂಡಾದ ಪ್ರದಕ್ಷಿಣೆ ಲೆಕ್ಕಕ್ಕೆ ಬರುತ್ತೇನೋ? ಮತ್ತೆ ಮೊದಲಿಂದ!"

"ಒಂದು ಫೋನ್ ಮಾಡಬಾರದಿತ್ತಾ?"

"ಆಡೋರು ನಿನ್ನ ಹತ್ರ ಮಾತಾಡಬಾರದಂತಲ್ಲ."

ಶಶಿ ಗೋಡೆಯ ಕಡೆ ಮುಖ ತಿರುಗಿಸಿದ. ಚೈತನ್ಯ ಧೊಪ್ಪನೆ ಕುರ್ಚಿಯಲ್ಲಿ ಕುಸಿದ.

"ಅಷ್ಟೊಂದು ದೊಡ್ಡ ಹರಕೆ ಏನು ಅತ್ತಿಗೆ?"

"ನಿನ್ನ ಆಟನ ಆ ಬೆಂಗಳೂರಿನವರು ಕೊಂಡ್ಕೊಳ್ಳಲಿ ಅಂತ ಕಣೋ."