ಗುಡ್ಡದ ಬಾಣಂತಿ

ದಾರಿಗೆ ಅಡ್ಡಲಾಗಿ ಕಟ್ಟಿದ್ದ ಬಿದಿರಿನ ಮುಂದೆ ಲಾರಿ ನಿಲ್ಲಿಸಿ, ದಿನಕರ ಹಾರನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ಅದನ್ನ ನಿಲ್ಸು, ಡ್ರೈವರ್ ಬಾಬು. ಮೇಲೆ ಬಾಣಂತಿ ಇದ್ದಾಳೆ," ಎಂದಳು ಸೋಮುಲಮ್ಮ. ವಿಶಾಖಪಟ್ಟಣದ ಆಚೆಯ ಈ ಗುಡ್ಡದೂರಿನಲ್ಲಿ ಪೊರಕೆ ಹುಲ್ಲು ಕೊಯ್ಯುವ ಹೆಂಗಸರಿಗೆಲ್ಲ ಅವಳೇ ಮುಂದಾಳು.

"ಯಾರ ಮನೇಲಿ?"

"ಹುಲ್ಲಿನ ಇಳಿಜಾರಲ್ಲಿ, ಬಂಡೆ ಸಂದಿಯಲ್ಲಿ. ಕರಡಿ. ಮರಿಗಳನ್ನ ಬೆನ್ನಿಗೇರಿಸಿಕೊಂಡು ಅದು ಹೊರಡೋವರೆಗೆ ಅಲ್ಲಿಗೆ ಕುಡುಗೋಲು ಹೋಗಲ್ಲ. ಊರೆಲ್ಲ ಕೂತು ಮಾತಾಡಿ ಆಗಿದೆ."

ದಿನಕರನಿಗೆ ಮೈಯೆಲ್ಲ ಉರಿದುಹೋಯಿತು. ಕೊಪ್ಪಳದಿಂದ ವಿಜಯವಾಡಕ್ಕೆ ಬಂದು, ಅಲ್ಲಿನ ಒನ್ ಟೌನ್ ಪೇಟೆಯ ಪೊರಕೆ ಸಾಹುಕಾರ ದುರ್ಗಾಪ್ರಸಾದನ ಬೈಗುಳ ನುಂಗಿ ನುಂಗಿ ಹಿಡಿದ ಸ್ಟಿಯರಿಂಗ್ ಇದು. ಖಾಲಿ ಲಾರಿ ತಂದರೆ ಕೀ ಮೇಜಿನ ಮೇಲಿಟ್ಟು ನಡಿ ಎಂದು ಹೊರಡುವಾಗಲೇ ಅವನು ಹೇಳಿದ್ದ. ಸೀಟಿನ ಹಿಂದೆ ಪಟಾಕಿ ಡಬ್ಬಿ ಬೇರೆ ಇಟ್ಟು ಕಳಿಸಿದ್ದ, ಕರಡಿಗಿರಡಿ ಅಡ್ಡ ಬಂದರೆ ಸಿಡಿಸಲಿಕ್ಕೆ.

"ಹೋದ ವರ್ಷ ಹುಲ್ಲು ಬಲಿಯೋಕೂ ಬಿಡದೆ ಮುಗಿಬಿದ್ದು ಕೊಯ್ದ್ರಿ. ಈಗ ಕರಡಿ ಬಾಣಂತನ ಮಾಡ್ತೀರಾ? ನನ್ನ ಹೊಟ್ಟೆ ಮೇಲೆ ಹೊಡೀಬೇಡ ಅಕ್ಕ."

"ಹೋದ ವರ್ಷ ಅಡವಿ ನಮ್ಮ ಕೈಲಿರಲಿಲ್ಲ ಬಾಬು. ನಾವು ಬಿಟ್ಟಿದ್ದನ್ನ ಕಂಟ್ರಾಕ್ಟರನ ಆಳುಗಳು ಕೊಯ್ಕೊಂಡು ಹೋಗೋರು. ಈಗ ಊರಿನ ಹೆಸರಿಗೆ ಹಕ್ಕು ಬಂದಿದೆ. ಇವತ್ತು ಬಿಟ್ಟ ಹುಲ್ಲು ನಾಳೆನೂ ನಮ್ಮದೇ."

ಅಷ್ಟರಲ್ಲಿ ಸಾಹುಕಾರನ ಫೋನು. ದಿನಕರ ಸ್ಪೀಕರ್ ಹಾಕಿ ಅವಳ ಮುಂದೆ ಹಿಡಿದ. "ನೀನೇ ಹೇಳಕ್ಕ." ಕರಡಿಯ ವಿಷಯ, ಊರಿನ ತೀರ್ಮಾನ ಎರಡನ್ನೂ ಅವಳು ಹೇಳಿದಳು.

"ಯಾರನ್ನ ಕೇಳಿ ನಿಲ್ಲಿಸಿದ್ರಿ? ಯಾವ ಆಫೀಸರ್ ಹತ್ರ ಮಾತಾಡಬೇಕು ನಾನು?" ಸಾಹುಕಾರ ಗುಡುಗಿದ.

"ನನ್ನ ಹತ್ರಾನೇ. ಮಾತಾಡ್ತಾ ಇದ್ದೀರಲ್ಲ."

ಸಾಹುಕಾರನ ಗುಡುಗು ಇಳಿಯಿತು. "ಹುಲ್ಲು ಯಾವಾಗ ಸಿಗುತ್ತೆ ಹಾಗಾದ್ರೆ?"

"ಅವಳು ಎದ್ದು ಹೋದ ಮೇಲೆ. ಕೇಳೋಣ ಅಂದ್ರೆ ಅವಳ ಹತ್ರ ಫೋನಿಲ್ಲ."

ಸಾಹುಕಾರನಿಗೆ ಹೀಗೆ ದನಿ ಏರಿಸದೆ ಉತ್ತರ ಕೊಟ್ಟವರನ್ನು ದಿನಕರ ಕಂಡಿರಲಿಲ್ಲ. ತಾನಂತೂ ಯಾವತ್ತೂ ಕೊಟ್ಟವನಲ್ಲ.

"ದಿನಕರಾ, ಸೀಟಿನ ಹಿಂದೆ ಇಟ್ಟಿದ್ದು ಇದೆ ತಾನೆ?"

"ನೆನೆದುಹೋಗಿದೆ, ಸಾಹುಕಾರ್ರೆ," ಎಂದು ದಿನಕರ ಫೋನ್ ಕಟ್ ಮಾಡಿದ. ಆಮೇಲೆ ಕುಡಿಯುವ ನೀರಿನ ಬಾಟಲಿಯನ್ನು ಪಟಾಕಿ ಡಬ್ಬಿಯೊಳಗೆ ಬಗ್ಗಿಸಿದ. ಸೋಮುಲಮ್ಮ ನಕ್ಕು, ತನ್ನ ತಂಬಿಗೆಯ ನೀರನ್ನು ಅವನ ಖಾಲಿ ಬಾಟಲಿಗೆ ತುಂಬಿಕೊಟ್ಟಳು.

ಖಾಲಿ ಲಾರಿ ಇಳಿಯಿತು. ಕರಡಿಯಿದ್ದ ಆ ಬಂಡೆಯ ಕೆಳಗೇ ಒಂದು ಕುರುಡು ತಿರುವು. ಪ್ರತಿ ಸಲ ಗುಡ್ಡ ಅದುರುವ ಹಾಗೆ ಹಾರನ್ ಹೊಡೆಯುತ್ತಿದ್ದ ಜಾಗ. ದಿನಕರ ಎಂಜಿನ್ ಆರಿಸಿ ಇಳಿದ. ಎದುರಿಗೆ ಗಾಡಿ ಬರುತ್ತಿದೆಯೇ ಎಂದು ತಿರುವಿನಾಚೆವರೆಗೂ ನಡೆದೇ ಹೋದ. ನಾಳೆ ಮೇಜಿನ ಮೇಲಿಡಬೇಕಾದ ಕೀ ಗೊಂಚಲು ಸದ್ದಾಗದಂತೆ ಅವನ ಮುಷ್ಟಿಯೊಳಗಿತ್ತು.